ಮಾತು ಇರುವಾಗಲೇ ಕೇಳಬೇಕಾದ ಪ್ರಶ್ನೆ

ಗುಣವಾಗುವ ಭರವಸೆಯೇ ಇಲ್ಲದ ರೋಗಿಗೆ ಬರೀ ಉಸಿರು ಹಿಡಿದಿಡಲು ಕೊಡುವ ಚಿಕಿತ್ಸೆಯನ್ನು ನಿಲ್ಲಿಸುವುದು ಹೇಗೆ, ಶುರು ಮಾಡದೆ ಇರುವುದು ಹೇಗೆ ಎಂಬುದಕ್ಕೆ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕ್ರಮವನ್ನು ಜಾರಿಗೆ ತರಲು ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ‘ಘನತೆಯಿಂದ ಸಾಯುವ ಹಕ್ಕು’ ಎಂದು ಪತ್ರಿಕೆಗಳು ಬರೆದವು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಎರಡು ದಶಕಕ್ಕೂ ಹೆಚ್ಚು ಕಾಲ ಈ ಹಕ್ಕಿಗಾಗಿ ನಡೆಸಿದ ಹೋರಾಟವೂ ಸುದ್ದಿಯಾಯಿತು. ಆದರೆ ಪಕ್ಕದ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ರೋಗಿಗೆ ಈ ಹಕ್ಕು ದಕ್ಕಬೇಕಾದರೆ ಮಾತುಕತೆ ಐಸಿಯು ಬಾಗಿಲಲ್ಲಿ ಶುರುವಾದರೆ ಸಾಲದು. ನರಮಂಡಲ ದಿನೇದಿನೇ ಸೋಲುವ ಕಾಯಿಲೆಗಳಲ್ಲಿ ರೋಗಿಯನ್ನು ಕೇಳಬೇಕಾದ ಹೊತ್ತು ಅಷ್ಟರಲ್ಲಿ ದಾಟಿಹೋಗಿರುತ್ತದೆ.

ಮೋಟಾರ್ ನ್ಯೂರಾನ್ ಕಾಯಿಲೆಯನ್ನೇ ನೋಡಿ. ಮೊಳಕಾಲ್ಮುರಿನ ರೇಷ್ಮೆ ಮಗ್ಗದಲ್ಲಿ ಕೂತವರಿಗೆ ಅದು ಬಂದರೆ, ಹರಿದ ಎಳೆಗೆ ಗಂಟು ಹಾಕಲು ಬೆರಳು ಒಲ್ಲೆನ್ನುವಾಗಲೇ ಸುಳಿವು ಸಿಕ್ಕೀತು. ಆಮೇಲೆ ಕುಡಿದ ನೀರು ನೆತ್ತಿಗೆ ಹತ್ತತೊಡಗುತ್ತದೆ. ಗಟ್ಟಿ ಅಂಬಲಿ ಇಳಿದರೂ ತೆಳು ಮಜ್ಜಿಗೆ ಕೆಮ್ಮು ತರಿಸುತ್ತದೆ. ಮಾತು ತೊದಲಿ ತೊದಲಿ ನಿಲ್ಲುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳ ಸರದಿ. ಹೆಚ್ಚಿನವರಿಗೆ ಲಕ್ಷಣ ಕಾಣಿಸಿದ ಮೇಲೆ ಉಳಿಯುವುದು 3ರಿಂದ 5 ವರ್ಷ. ಅನೇಕರಲ್ಲಿ ಬುದ್ಧಿ ಕೊನೆಯತನಕ ಚುರುಕಾಗಿಯೇ ಇದ್ದು, ಹೇಳಿಕೊಳ್ಳುವ ದಾರಿ ಮಾತ್ರ ಮುಚ್ಚಿಹೋಗಿರುತ್ತದೆ. ಮರೆವಿನ ಕಾಯಿಲೆಯಲ್ಲಿ ಇದು ತಿರುವುಮುರುವು: ನಾಲಿಗೆ ಆಡುತ್ತದೆ, ಹಿಂದುಮುಂದು ತೂಗಿ ತೀರ್ಮಾನಿಸುವ ಶಕ್ತಿ ಉಳಿದಿರುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4 ಮಂದಿಗೆ ಡಿಮೆನ್ಷಿಯಾ ಇದೆ. ಅದು ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು. ಹೃದಯಾಘಾತ ಹೇಳಿ ಬರುವುದಿಲ್ಲ, ಈ ಕಾಯಿಲೆಗಳು ಹೇಳಿಯೇ ಬರುತ್ತವೆ. ಸಿಗುವ ಆ ಕಾಲಾವಕಾಶವನ್ನು ನಾವು ಸ್ಕ್ಯಾನಿಂಗ್, ಹರಕೆ, ನಾಟಿ ಔಷಧಿಗಳ ಓಡಾಟದಲ್ಲೇ ಕಳೆದುಬಿಡುತ್ತೇವೆ.

ಕೇಳದೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಹೊನ್ನಾವರ ಸಮೀಪದ ಹಳದೀಪುರದ ಅರುಣಾ ಶಾನಭಾಗರ ಪ್ರಕರಣವಿದೆ. ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್ ಆಗಿದ್ದ ಅವರು 1973ರ ನವೆಂಬರ್‌ನಲ್ಲಿ ಹಲ್ಲೆಗೊಳಗಾಗಿ, 2015ರ ಮೇ ತನಕ ಹಾಸಿಗೆಯಲ್ಲೇ ಇದ್ದರು. ಅವರದು ಮೆದುಳಿಗೆ ಬಿದ್ದ ಪೆಟ್ಟು. ಕ್ರಮೇಣ ಏರುವ ರೋಗವಲ್ಲ, ನಿಜ. ಆದರೆ 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರಿಗೆ ದಯಾಮರಣ ಕೋರಿದ ಅರ್ಜಿದಾರರು ಒಂದು ಹೇಳಿದರು, ಆರೈಕೆ ಮಾಡುತ್ತಿದ್ದ ಆಸ್ಪತ್ರೆಯ ಸಿಬ್ಬಂದಿ ಇನ್ನೊಂದು ಹೇಳಿದರು. ಅರುಣಾ ಅವರ ಸ್ವಂತ ಇಷ್ಟವೇನೆಂದು ತಿಳಿಯುವ ದಾರಿಯೇ ಇರಲಿಲ್ಲ. ಆ ಕೊರತೆ ತುಂಬಲೆಂದೇ 2018ರ ಮಾರ್ಚ್ 9ರ ತೀರ್ಪು, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ತಿದ್ದುಪಡಿಯ ನಂತರ ಇಬ್ಬರು ಸಾಕ್ಷಿಗಳೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವೂ ಇದ್ದರೆ ಸಾಕು. ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ, ಅಂದರೆ ಚಳ್ಳಕೆರೆಯಲ್ಲಿ ನಗರಸಭೆಗೆ, ಮೊಳಕಾಲ್ಮುರಿನಲ್ಲಿ ಪಟ್ಟಣ ಪಂಚಾಯಿತಿಗೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಗೆ ಒಪ್ಪಿಸಬೇಕು.

ಇದೆಲ್ಲ ಆಸ್ತಿ ಹೊಡೆಯುವ ಮಕ್ಕಳಿಗೆ ಅನುಕೂಲವಾಗುತ್ತದೆ ಎಂಬ ಅನುಮಾನ ಇದ್ದೇ ಇದೆ. ಈಗ ನಡೆಯುತ್ತಿರುವುದಾದರೂ ಏನು? ದುಡ್ಡು ಮುಗಿದ ದಿನ ‘ನಮ್ಮ ಜವಾಬ್ದಾರಿ ಮೇಲೆ ಕರ್ಕೊಂಡು ಹೋಗ್ತೀವಿ’ ಎಂದು ಬರೆದುಕೊಟ್ಟು, ರೋಗಿಯನ್ನು ಆಂಬ್ಯುಲೆನ್ಸಿಗೆ ಹಾಕಿಕೊಂಡು ಬರುವುದು. ಅಲ್ಲಿ ರೋಗಿಯ ಇಷ್ಟ ಕೇಳುವವರಿಲ್ಲ, ಪರಿಶೀಲಿಸುವವರೂ ಇಲ್ಲ. ಹೊಸ ಕ್ರಮದಲ್ಲಿ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರೂ ಇರುತ್ತಾರೆ. ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು. ದುರಾಸೆಯ ಮಗನಿಗೆ ಹಳೆಯ ದಾರಿಯೇ ಸಲೀಸು.

ಇನ್ನು ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುವವರು. ಹೆತ್ತವರನ್ನು ಕಡೆಯತನಕ ನೋಡಿಕೊಳ್ಳುವುದು ಧರ್ಮ, ಸಾವಿನ ಮಾತೆತ್ತುವುದಲ್ಲ ಎನ್ನುತ್ತಾರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆಯ ಮೇಲೆ ಅಶೋಕ ಬರೆಸಿದ ಉಪದೇಶಗಳಲ್ಲಿ ತಾಯಿತಂದೆಗೆ ವಿಧೇಯರಾಗಿರಬೇಕು ಎಂಬುದೂ ಒಂದು. ವಿಧೇಯರಾಗಲು ಅವರ ಮನಸ್ಸಿನಲ್ಲಿ ಏನಿದೆಯೆಂದು ಮೊದಲು ಕೇಳಿರಬೇಕಲ್ಲವೇ? ರೋಗದ ಹೆಸರನ್ನೇ ಮುಚ್ಚಿಟ್ಟ ಮನೆಯಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ.

ನನಗೆ ನಿಜಕ್ಕೂ ಭಾರವೆನಿಸುವ ಆಕ್ಷೇಪ ಬೇರೆ. ಶೇಂಗಾ ಕೈಕೊಟ್ಟ ವರ್ಷ ಕೂಲಿಗೆ ಹೋಗುವ ಮನೆಯ ಹಿರಿಯರು ‘ನನಗೆ ವೆಂಟಿಲೇಟರ್ ಬೇಡ’ ಎಂದರೆ ಅದು ಇಚ್ಛೆಯೋ, ಸಾಲದ ಹೆದರಿಕೆಯೋ? ಸರ್ಕಾರದ ಆರೋಗ್ಯ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಕೊಡುತ್ತದೆ. ವರ್ಷಗಟ್ಟಲೆ ಮನೆಯಲ್ಲೇ ಮಗ್ಗುಲು ಬದಲಿಸಿ, ನಳಿಕೆಯಲ್ಲಿ ಗಂಜಿ ಹಾಕುವ ಸೊಸೆಯ ಕಳೆದುಹೋದ ಕೂಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಉಪಶಮನ ಆರೈಕೆ ಇಲ್ಲದ ಕಡೆ ಬರೀ ನಮೂನೆ ತುಂಬಿಸಿಕೊಳ್ಳುವುದು ಅನ್ಯಾಯವೇ. ಉಸಿರಾಟದ ಸಂಕಟ ತಗ್ಗಿಸುವ ಮಾರ್ಫಿನ್ ದುಬಾರಿ ಮದ್ದಲ್ಲ. 2014ರಲ್ಲಿ ಮಾದಕ ವಸ್ತುಗಳ ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು ಆಸ್ಪತ್ರೆಗಳಿಗೆ ಅದರ ಪೂರೈಕೆಯನ್ನು ಸರಳಗೊಳಿಸಲಾಗಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಸಿಗಬೇಕು, ಕೊಡಲು ಬಲ್ಲ ವೈದ್ಯರಿರಬೇಕು, ಮನೆಗೆ ಬರುವ ನರ್ಸ್ ಇರಬೇಕು. ಹಾಗಿದ್ದೂ ಬೇಡವೆಂದರೆ ಅದು ನಂಬಬಹುದಾದ ಬೇಡ. ಕಾಗದದಲ್ಲಿ ಬರೀ ‘ಬೇಡ’ವೇ ಇರಬೇಕೆಂದೂ ಇಲ್ಲ: ಹೊಟ್ಟೆಗೆ ನಳಿಕೆ ಹಾಕಿ, ಗಂಟಲು ಕೊಯ್ಯಬೇಡಿ ಎನ್ನಬಹುದು, ಮೊಮ್ಮಗಳ ಮದುವೆಯತನಕ ಏನಾದರೂ ಮಾಡಿ ಉಳಿಸಿ ಎನ್ನಬಹುದು. ರೋಗದ ಹೆಸರು ಬೆಂಗಳೂರಿನ ನಿಮ್ಹಾನ್ಸಿನಲ್ಲೋ ಬಳ್ಳಾರಿಯಲ್ಲೋ ಗೊತ್ತಾಗಲಿ, ಈ ಪ್ರಶ್ನೆ ಕೇಳಬೇಕಾದವರು ಊರಿನ ಭಾಷೆ ಬಲ್ಲ, ಮತ್ತೆ ಮತ್ತೆ ಸಿಗುವ ವೈದ್ಯರು. ಒಮ್ಮೆ ಕೇಳಿದರೆ ಸಾಲದು, ಮೂರು ತಿಂಗಳಿಗೊಮ್ಮೆಯಾದರೂ ಕೇಳಬೇಕು. ಮನಸ್ಸು ಬದಲಾದರೆ ಹಳೆಯದನ್ನು ರದ್ದುಮಾಡಿ ಹೊಸದು ಬರೆಯಲು ಕಾನೂನಿನಲ್ಲಿ ಅಡ್ಡಿಯಿಲ್ಲ.