ಒಂದು ಉಂಗುರಕ್ಕಾಗಿ ಗೇರ್‌ಬಾಕ್ಸ್ ಇಳಿಸುವವರು

ಟಾಟಾ ಇಂಡಿಕಾ ಬಂದದ್ದು 1998ರಲ್ಲಿ, ತಯಾರಿಕೆ ನಿಂತದ್ದು 2018ರಲ್ಲಿ. ಅದರ 1405 ಸಿಸಿ ಡೀಸೆಲ್ ಇಂಜಿನ್ ಸದ್ದು ಮಾಡುತ್ತದೆ, ಹೊಗೆ ಬಿಡುತ್ತದೆ, ಆದರೆ ಅಷ್ಟು ಸುಲಭಕ್ಕೆ ಕೈಕೊಡುವುದಿಲ್ಲ. ಬಾಡಿಗೆಗೆ ಓಡಿ ಸವೆದು, ಈಗ ತೋಟ, ಸಂತೆ, ನೆಂಟರ ಮನೆ ಅಂತ ಓಡಾಡಿಕೊಂಡಿರುವ ಇಂಡಿಕಾಗಳು ಊರೂರಲ್ಲಿವೆ. ನಿಲ್ಲಿಸಿದ ಜಾಗದಲ್ಲಿ ಕಪ್ಪು ಎಣ್ಣೆ ಹನಿಯತೊಡಗಿದಾಗ ಅವು ಗ್ಯಾರೇಜಿನ ಬಾಗಿಲಿಗೆ ಬರುತ್ತವೆ. ಮೇಸ್ತ್ರಿ ಕೆಳಗೆ ನುಸುಳಿ ನೋಡಿ ಹೇಳುತ್ತಾನೆ: "ಸಾರ್, ಕ್ರ್ಯಾಂಕ್ ಸೀಲ್ ಹೋಗಿದೆ. ಗೇರ್‌ಬಾಕ್ಸ್ ಇಳಿಸ್ಬೇಕು."

ಮಾಲೀಕರ ಮುಖ ಸಣ್ಣದಾಗುವುದು ಅಲ್ಲೇ. ಸೀಲ್‌ನ ಬೆಲೆ ನೂರರ ಲೆಕ್ಕದಲ್ಲಿ, ಕೂಲಿ ಸಾವಿರದ ಲೆಕ್ಕದಲ್ಲಿ. ಆದರೆ ಆ ಕೂಲಿ ರಬ್ಬರ್ ಉಂಗುರ ಕೂರಿಸುವುದಕ್ಕೆ ಮಾತ್ರವಲ್ಲ.

ಕ್ರ್ಯಾಂಕ್‌ಶಾಫ್ಟ್‌ನ ಎರಡು ತುದಿಗಳೂ ಇಂಜಿನ್‌ನಿಂದ ಹೊರಗೆ ಇಣುಕುತ್ತವೆ. ಒಂದು ತುದಿಗೆ ಪುಲ್ಲಿ, ಇನ್ನೊಂದಕ್ಕೆ ಫ್ಲೈವೀಲ್. ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಲೇ ಇರಬೇಕು, ಒಳಗಿನ ಎಣ್ಣೆ ಮಾತ್ರ ಹೊರಗೆ ಬರಬಾರದು. ಈ ಕಾವಲು ಕೆಲಸ ಆಯಿಲ್ ಸೀಲ್‌ನದು. ಹೊರಗೆ ಲೋಹದ ಬಳೆ, ಒಳಗೆ ರಬ್ಬರಿನ ತೆಳು ತುಟಿ, ತುಟಿಯನ್ನು ಶಾಫ್ಟ್‌ಗೆ ಒತ್ತಿ ಹಿಡಿಯಲು ಕೂದಲೆಳೆಯಂಥ ಸ್ಪ್ರಿಂಗ್. ತುಟಿ ಪೂರ್ತಿ ಒಣಗಿಯೂ ಇರುವಂತಿಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪೊರೆಯ ಮೇಲೆ ಅದು ಜಾರುತ್ತಿರುತ್ತದೆ.

ಮೊದಮೊದಲು ಈ ತುಟಿ ತೊಗಲಿನದಾಗಿತ್ತು. ಇವತ್ತು ಸೀಲ್ ತಯಾರಿಕೆಯಲ್ಲಿ ದೊಡ್ಡ ಹೆಸರಾದ ಜರ್ಮನಿಯ ಫ್ರಾಯ್ಡೆನ್‌ಬರ್ಗ್ 1849ರಲ್ಲಿ ಶುರುವಾದದ್ದು ತೊಗಲು ಹದ ಮಾಡುವ ಕಾರ್ಖಾನೆಯಾಗಿ. ಹಳೇ ಮರ್ಸಿಡಿಸ್ 240ಡಿ ಕಾರಿನಲ್ಲಿ ಹಿಂಬದಿಯ, ಅಂದರೆ ಫ್ಲೈವೀಲ್ ಕಡೆಯ ಸೀಲ್ ಉಂಗುರವೇ ಅಲ್ಲ, ಎರಡು ತುಂಡು ಹಗ್ಗ. ಅದನ್ನು ಬದಲಿಸುವ ತಾಪತ್ರಯ ಬೇರೆಯೇ ಕಥೆ.

ಇಂಡಿಕಾಗೆ ಬರೋಣ. ಒಳ್ಳೆಯ ಮೇಸ್ತ್ರಿ ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ, ಇಂಜಿನ್ ತೊಳೆಸುತ್ತಾನೆ. ಎಣ್ಣೆ ಎಲ್ಲಿ ಸೋರುತ್ತದೋ ಅಲ್ಲೇ ಹನಿಯಬೇಕೆಂದಿಲ್ಲ. ಮೇಲೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಬಿಟ್ಟಿದ್ದರೂ ಎಣ್ಣೆ ಇಂಜಿನ್ ಬೆನ್ನ ಮೇಲಿಂದ ಇಳಿದು ಅದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಗೇರ್‌ಬಾಕ್ಸ್‌ನ ಸ್ವಂತ ಸೀಲ್ ಹೋಗಿದ್ದರೂ ಹಾಗೇ. ಆಗ ಅವನು ಹನಿಯನ್ನು ಬೆರಳಲ್ಲಿ ಉಜ್ಜಿ ಮೂಸುತ್ತಾನೆ: ಡೀಸೆಲ್ ಇಂಜಿನ್ ಎಣ್ಣೆ ಮಸಿಯಂತೆ ಕಪ್ಪು, ಗೇರ್ ಆಯಿಲ್ ಮಂದ, ಗಂಧಕದ ವಾಸನೆ. ಗೇರ್‌ಬಾಕ್ಸ್ ಇಳಿಸಿ, ಸೀಲ್ ಹಾಕಿ, ಎಲ್ಲ ಕಟ್ಟಿದ ಮೇಲೆ ಸೋರಿಕೆ ಟ್ಯಾಪೆಟ್ ಕವರ್‌ನದು ಅಂತ ಗೊತ್ತಾಗುವ ಪ್ರಸಂಗಗಳು ಗ್ಯಾರೇಜುಗಳಲ್ಲಿ ಅಪರೂಪವೇನಲ್ಲ.

ಫ್ಲೈವೀಲ್ ಕಡೆಯ ಸೀಲ್ ಹೋದದ್ದೇ ನಿಜವಾದರೆ ಕೆಲಸ ಶುರು. ಬ್ಯಾಟರಿ ವೈರ್ ಬಿಚ್ಚಿ, ಎರಡೂ ಡ್ರೈವ್‌ಶಾಫ್ಟ್ ಎಳೆದು, ಇಂಜಿನ್‌ಗೆ ಆಸರೆ ಕೊಟ್ಟು ಗೇರ್‌ಬಾಕ್ಸ್ ಇಳಿಸಬೇಕು. ಆಮೇಲೆ ಪ್ರೆಷರ್ ಪ್ಲೇಟ್, ಕ್ಲಚ್ ಪ್ಲೇಟ್, ಫ್ಲೈವೀಲ್. ಆಗಷ್ಟೇ ಸೀಲ್ ಮುಖ ತೋರಿಸುತ್ತದೆ, ಹೆಚ್ಚಾಗಿ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿ. ಅವಸರದವರು ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾರೆ, ಶಾಫ್ಟ್ ಮೇಲೆ ಗೀರು ಬೀಳುತ್ತದೆ, ಆ ಗೀರಿನಲ್ಲೇ ಹೊಸ ಸೀಲ್ ಕೂಡ ಸೋರುತ್ತದೆ. ನುರಿತವನು ಸೀಲ್‌ನ ಬಳೆಗೆ ಸಣ್ಣ ತೂತು ಕೊರೆದು, ಸ್ಕ್ರೂ ತಿರುಗಿಸಿ, ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ನೇರ ಎಳೆಯುತ್ತಾನೆ.

ಆಮೇಲೆ ಅವನು ಶಾಫ್ಟ್ ಒರೆಸಿ ಉಗುರು ಆಡಿಸುತ್ತಾನೆ. ಉಗುರು ಸಿಕ್ಕಿಹಾಕಿಕೊಂಡರೆ ಅಲ್ಲಿ ಕಚ್ಚು ಬಿದ್ದಿದೆ ಎಂದರ್ಥ. ಮೆತ್ತನೆ ರಬ್ಬರ್ ಉಕ್ಕನ್ನು ಸವೆಸಿತೆಂದರೆ ನಂಬುವುದು ಕಷ್ಟ, ಆದರೆ ತುಟಿಗೆ ಅಂಟಿದ ದೂಳು ಮಸಿಯ ಜೊತೆ ಲಕ್ಷ ಕಿಲೋಮೀಟರ್ ಉಜ್ಜಿದರೆ ಉಕ್ಕೂ ಸವೆಯುತ್ತದೆ. ಜಾಗವಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ ತುಟಿಗೆ ನುಣುಪು ಜಾಗ ಒದಗಿಸಬಹುದು. ಇಲ್ಲವೇ ತೆಳು ಸ್ಟೀಲ್ ಸ್ಲೀವ್ ತೊಡಿಸಬಹುದು. ಎಸ್‌ಕೆಎಫ್ ಕಂಪನಿಯ ಇಂಥ ಸ್ಲೀವ್‌ನ ದಪ್ಪ 0.28 ಮಿಲಿಮೀಟರ್.

ಕೂರಿಸುವಾಗ ಸ್ಪ್ರಿಂಗ್ ಇರುವ ಮುಖ ಒಳಗೆ, ಎಣ್ಣೆಯ ಕಡೆಗೆ. ರಬ್ಬರ್ ತುಟಿಗೆ ಎಣ್ಣೆ ಸವರಿ, ಸೀಲ್‌ನಷ್ಟೇ ಅಗಲದ ಪೈಪ್ ತುಂಡು ಇಟ್ಟು ಸುತ್ತ ಸಮನಾಗಿ ತಟ್ಟಬೇಕು. ಸೊಟ್ಟ ಕೂತರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಈಚಿನ ಕೆಲವು ಇಂಜಿನ್‌ಗಳ ಟೆಫ್ಲಾನ್ ಸೀಲ್‌ಗೆ ಮಾತ್ರ ಎಣ್ಣೆ ಸೋಕಿಸಬಾರದು, ಒಣಗಿದ್ದಂತೆಯೇ ಹಾಕಬೇಕು.

ಪುಲ್ಲಿ ಕಡೆಯ ಸೀಲ್‌ಗೆ ಗೇರ್‌ಬಾಕ್ಸ್ ಮುಟ್ಟಬೇಕಿಲ್ಲ. ಆದರೆ ಅಲ್ಲಿನ ಎಣ್ಣೆ ಟೈಮಿಂಗ್ ಬೆಲ್ಟ್ ಮೇಲೆ ಬೀಳುತ್ತದೆ. ನೆನೆದ ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ನನ್ನ ಮಟ್ಟಿಗೆ ಫ್ಲೈವೀಲ್ ಕಡೆಯದಕ್ಕಿಂತ ಈ ಸೋರಿಕೆಯೇ ಹೆಚ್ಚು ಅಪಾಯದ್ದು.

ಸೀಲ್ ಹಾಕುವವನಿಗೂ ಕಸುಬು ಬಲ್ಲವನಿಗೂ ವ್ಯತ್ಯಾಸ ತಿಳಿಯುವುದು ಒಂದು ಪ್ರಶ್ನೆಯಲ್ಲಿ: ಸೀಲ್ ಯಾಕೆ ಹೋಯಿತು? ವಯಸ್ಸಾಗಿ ಹೋದದ್ದಾದರೆ ಸರಿ. ಇಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಮಸಿ ಕಟ್ಟಿದ್ದರೆ, ಅಥವಾ ಪಿಸ್ಟನ್ ರಿಂಗ್ ಸವೆದು ಗಾಳಿ ಕೆಳಗಿಳಿಯುತ್ತಿದ್ದರೆ, ಇಂಜಿನ್‌ನ ಹೊಟ್ಟೆಯಲ್ಲಿ ಒತ್ತಡ ಏರುತ್ತದೆ. ವಿಶಲ್ ಕಟ್ಟಿದ ಕುಕ್ಕರ್ ಗ್ಯಾಸ್ಕೆಟ್ ಕಡೆಯಿಂದ ಉಗಿ ಬಿಟ್ಟಂತೆ ಎಣ್ಣೆ ಸೀಲ್‌ನಿಂದ ಹೊರಡುತ್ತದೆ. ಆಗ ಎಷ್ಟು ಸೀಲ್ ಹಾಕಿದರೂ ಅಷ್ಟೇ. ಇಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬರುವುದು ಇದರ ಕುರುಹು.

ನಿಮ್ಮ ಗಾಡಿಯ ಗೇರ್‌ಬಾಕ್ಸ್ ಇಳಿಸುವ ದಿನ ಬಂದರೆ ಬ್ರೀದರ್ ಶುಚಿ ಮಾಡಿಸಿ. ಕ್ಲಚ್ ಪ್ಲೇಟ್ ಎಣ್ಣೆ ಕುಡಿದಿದೆಯೇ ನೋಡಿ. ಕುಡಿದಿದ್ದರೆ ಒರೆಸಿ ಹಾಕಲು ಬಿಡಬೇಡಿ, ಹೊಸದೇ ಹಾಕಿಸಿ. ಒಂದೇ ಕೂಲಿಯಲ್ಲಿ ಸೀಲ್, ಕ್ಲಚ್ ಎರಡೂ ಮುಗಿಯುತ್ತವೆ.