ಇರಬಹುದು, ಇರಬೇಕು, ಇದ್ದೀತು
ಊಹೆಯನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ಹೇಳುವ ಬಗೆ

1951ರ ಮಾರ್ಚ್ ತಿಂಗಳು. ಅಮೆರಿಕದ ಗುಪ್ತಚರ ಸಂಸ್ಥೆ ಸಿ.ಐ.ಎ. ತನ್ನ ಸರ್ಕಾರಕ್ಕೆ ಒಂದು ಅಂದಾಜು ವರದಿ ಸಲ್ಲಿಸಿತು. ಆ ವರ್ಷ ಸೋವಿಯತ್ ಬಣದ ಸೈನ್ಯ ಯುಗೋಸ್ಲಾವಿಯಾದ ಮೇಲೆ ದಾಳಿ ಮಾಡೀತೇ ಎಂಬುದು ಪ್ರಶ್ನೆ. ದಾಳಿಯನ್ನು 'ಸೀರಿಯಸ್ ಪಾಸಿಬಿಲಿಟಿ' ಎಂದು ಪರಿಗಣಿಸಬೇಕೆಂದು ವರದಿ ಹೇಳಿತು. ಕೆಲವು ದಿನಗಳ ನಂತರ ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಈ ಮಾತಿನ ಅರ್ಥವೇನೆಂದು ವಿಚಾರಿಸಿದರು. ವರದಿಯ ಹೊಣೆ ಹೊತ್ತವರಲ್ಲಿ ಒಬ್ಬರಾದ ಶೆರ್ಮನ್ ಕೆಂಟ್, 'ನನ್ನ ಲೆಕ್ಕದಲ್ಲಿ ನೂರಕ್ಕೆ 65ರಷ್ಟು' ಎಂದರು. ಅಧಿಕಾರಿ ಬೆಚ್ಚಿದರು. ಅವರ ಕಡೆಯವರೆಲ್ಲ ಅದನ್ನು ತೀರಾ ಕಡಿಮೆ ಸಾಧ್ಯತೆ ಎಂದು ಓದಿಕೊಂಡಿದ್ದರು.

ಕೆಂಟ್ ಅವರಿಗೂ ಅನುಮಾನ ಬಂತು. ಒಟ್ಟಿಗೆ ಕುಳಿತು ಆ ವಾಕ್ಯವನ್ನು ಒಪ್ಪಿದ್ದ ಸಹೋದ್ಯೋಗಿಗಳನ್ನೇ ಒಬ್ಬೊಬ್ಬರಾಗಿ ಕೇಳಿದರು. ಒಬ್ಬರ ಮನಸ್ಸಿನಲ್ಲಿ ಇದ್ದದ್ದು ನೂರಕ್ಕೆ 20, ಇನ್ನೊಬ್ಬರದು 80! ವಾಕ್ಯ ಒಂದೇ, ಅದರೊಳಗಿನ ಊಹೆಗಳು ಮಾತ್ರ ಹಲವು. ದಾಳಿಯೇನೋ ನಡೆಯಲಿಲ್ಲ. ಆದರೆ ಯುದ್ಧ ಶಾಂತಿಗಳ ಪ್ರಶ್ನೆ ಒಂದು ಸಡಿಲ ಪದದ ಮೇಲೆ ನಿಂತಿತ್ತೆಂಬುದು ಕೆಂಟ್ ಅವರನ್ನು ಬಹುಕಾಲ ಕಾಡಿತು. 1964ರಲ್ಲಿ ಅವರು ಊಹೆಯ ಪದಗಳನ್ನು ಕುರಿತೇ ಒಂದು ಲೇಖನ ಬರೆದರು. 'ಪ್ರಾಬಬಲ್' ಎಂದರೆ ನೂರಕ್ಕೆ 75ರ ಆಸುಪಾಸು, 'ಆಲ್ಮೋಸ್ಟ್ ಸರ್ಟನ್' ಎಂದರೆ 93ರ ಆಸುಪಾಸು ಎಂದು ಪಟ್ಟಿ ಮಾಡಿದರು. ಪದಗಳನ್ನು ಹೀಗೆ ಅಳತೆಗೆ ಕಟ್ಟಬಾರದೆಂದು ವಾದಿಸಿದವರನ್ನು 'ಕವಿಗಳು' ಎಂದೂ, ತಮ್ಮಂಥವರನ್ನು 'ಗಣಿತಜ್ಞರು' ಎಂದೂ ಕರೆದರು.

ಗುಪ್ತಚರರ ಈ ಕಥೆ ನಮ್ಮ ವಿದ್ಯಾರ್ಥಿಗಳಿಗೇಕೆ? ಪರಭಾಷೆ ಕಲಿಯುವಾಗ ನಾವು ಮೊದಲು ಕಲಿಯುವುದು ಖಚಿತವಾದ ಮಾತುಗಳನ್ನು. ಇದು ಪುಸ್ತಕ, ನನ್ನ ಹೆಸರು ಇಂಥದು, ಈಗ ಎಂಟು ಗಂಟೆ. ಆದರೆ ದಿನನಿತ್ಯದ ಮಾತಿನಲ್ಲಿ ಎಷ್ಟೋ ಭಾಗ ಖಚಿತವಲ್ಲದ್ದು. ಎಂಟಾಗಿರಬಹುದು, ಬಸ್ಸು ಹೋಗಿರಬೇಕು, ಒಂದಿಪ್ಪತ್ತು ಜನ ಇದ್ದಾರು. ಇದನ್ನು ಹೇಳಲು ಬಾರದಿದ್ದರೆ, ತಿಳಿಯದ್ದನ್ನು ತಿಳಿದಂತೆ ಹೇಳಬೇಕಾಗುತ್ತದೆ, ಇಲ್ಲವೇ ಸುಮ್ಮನಿರಬೇಕಾಗುತ್ತದೆ. ಸಂದರ್ಶನದಲ್ಲಿ, ಪ್ರಯೋಗಾಲಯದಲ್ಲಿ, ವೈದ್ಯರ ಮುಂದೆ ಎರಡೂ ನಷ್ಟವೇ.

ಇಂಗ್ಲಿಷಂತೂ ನಮ್ಮೆಲ್ಲರ ಪಠ್ಯದಲ್ಲಿದೆ. ಸ್ಪ್ಯಾನಿಷ್ ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಸ್ಪೇನಿನಲ್ಲಷ್ಟೇ ಅಲ್ಲದೆ ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗೆ ಅನೇಕ ದೇಶಗಳ ಭಾಷೆ. ಈ ಎರಡರಲ್ಲೂ ಊಹೆಗೆ ಬೇರೆ ಬೇರೆ ದಾರಿಗಳಿವೆ. ಎರಡಕ್ಕೂ ಕೀಲಿಕೈ ನಮ್ಮ ಕನ್ನಡದಲ್ಲೇ ಇದೆ ಎಂಬುದು ಸಂತೋಷದ ಸಂಗತಿ.

ಅಪ್ಪಣೆಯೋ, ಊಹೆಯೋ?

'ಏಳು ಗಂಟೆಗೆಲ್ಲ ಮನೆಯಲ್ಲಿರಬೇಕು' ಎಂದು ತಾಯಿ ಮಗನಿಗೆ ಹೇಳಿದರೆ ಅದು ಅಪ್ಪಣೆ. 'ಹುಡುಗ ಎಲ್ಲಮ್ಮಾ?' ಎಂದು ಪಕ್ಕದ ಮನೆಯವರು ಕೇಳಿದಾಗ 'ಮನೆಯಲ್ಲೇ ಇರಬೇಕು' ಎಂದರೆ ಅದು ಊಹೆ. ಒಂದೇ 'ಬೇಕು' ಎರಡು ಕೆಲಸ ಮಾಡುತ್ತದೆ. ಇಂಗ್ಲಿಷಿನ 'ಮಸ್ಟ್' ಕೂಡ ಹಾಗೆಯೇ. 'ಯು ಮಸ್ಟ್ ಬಿ ಹೋಮ್ ಬೈ ಸೆವೆನ್' ಅಪ್ಪಣೆ. 'ಹಿ ಮಸ್ಟ್ ಬಿ ಅಟ್ ಹೋಮ್' ಊಹೆ. ಆದರೆ ಇದು ಗಾಳಿಗೆ ಎಸೆದ ಊಹೆಯಲ್ಲ. ಮನೆಯ ದೀಪ ಉರಿಯುತ್ತಿದೆ, ಚಪ್ಪಲಿ ಬಾಗಿಲಲ್ಲಿದೆ, ಆದ್ದರಿಂದ ಒಳಗಿರಬೇಕು ಎಂಬಂತೆ ಆಧಾರವಿದ್ದು ಮಾಡಿದ ತೀರ್ಮಾನ.

ಭೂತಕಾಲಕ್ಕೆ ಬಂದಾಗ ಎರಡು ಅರ್ಥಗಳು ದಾರಿ ಬೇರೆ ಮಾಡಿಕೊಳ್ಳುತ್ತವೆ. 'ಹೋಗಬೇಕಾಯಿತು' ಎಂಬುದಕ್ಕೆ ಇಂಗ್ಲಿಷಿನಲ್ಲಿ 'ಹ್ಯಾಡ್ ಟು ಗೋ'. 'ಹೋಗಿರಬೇಕು' ಎಂಬುದಕ್ಕೆ 'ಮಸ್ಟ್ ಹ್ಯಾವ್ ಗಾನ್'. ಇದನ್ನು ಅದಲು ಬದಲು ಮಾಡುವವರು, ಬರೆಯುವ ಮುನ್ನ ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ಸಾಕು. ನಿಷೇಧದಲ್ಲೂ ಎಚ್ಚರ ಬೇಕು. 'ಅವನು ಒಳಗಿರಲು ಸಾಧ್ಯವಿಲ್ಲ, ಬೀಗ ಹಾಕಿದೆ' ಎನ್ನಲು ಇಂಗ್ಲಿಷರು 'ಕಾಂಟ್ ಬಿ' ಎನ್ನುತ್ತಾರೆ. ಈ ಅರ್ಥದಲ್ಲಿ 'ಮಸ್ಟ್ ನಾಟ್ ಬಿ' ಅಮೆರಿಕನ್ನರ ಮಾತಿನಲ್ಲಿ ಕೇಳಿಬರುತ್ತದಾದರೂ, ಅದು 'ಇರಕೂಡದು' ಎಂಬ ಅಪ್ಪಣೆಯಂತೆ ಕೇಳಿಸುವ ಅಪಾಯವುಂಟು.

ಸ್ಪ್ಯಾನಿಷ್‌ನಲ್ಲಿ 'ಬೇಕು' ಎಂಬುದರ ಜಾಗದಲ್ಲಿ 'ದೆಬೆರ್' ಎಂಬ ಕ್ರಿಯಾಪದವಿದೆ. 'ದೆಬೆ ಎಸ್ತಾರ್ ಎನ್ ಕಾಸಾ' ಎಂದರೆ ಮನೆಯಲ್ಲಿರತಕ್ಕದ್ದು ಎಂಬ ಕರ್ತವ್ಯ. ನಡುವೆ 'ದೆ' ಎಂಬ ಪುಟ್ಟ ಪದ ಸೇರಿಸಿ 'ದೆಬೆ ದೆ ಎಸ್ತಾರ್ ಎನ್ ಕಾಸಾ' ಎಂದರೆ, ಮನೆಯಲ್ಲಿರಬೇಕು ಅನ್ನಿಸುತ್ತದೆ ಎಂಬ ಊಹೆ. ಊಹೆಗೆ 'ದೆ' ಇಲ್ಲದ ರೂಪವೂ ಚಾಲ್ತಿಯಲ್ಲಿದೆ, ಅದನ್ನು ಸ್ಪ್ಯಾನಿಷ್ ಅಕಾಡೆಮಿ ಒಪ್ಪುತ್ತದೆ. ಆದರೆ ಕರ್ತವ್ಯ ಹೇಳುವಾಗ 'ದೆ' ಸೇರಿಸುವುದನ್ನು ಒಪ್ಪುವುದಿಲ್ಲ. ನಮ್ಮ 'ಬೇಕು' ಹೊತ್ತ ಎರಡು ಹೊರೆಗಳನ್ನು ಆ ಭಾಷೆ ಒಂದು ಅಕ್ಷರದ ಬಲದಿಂದ ಬೇರೆ ಮಾಡಲು ಯತ್ನಿಸಿದೆ.

ಭವಿಷ್ಯತ್ಕಾಲದ ವೇಷ

ಸ್ಪ್ಯಾನಿಷ್ ಕಲಿಯುವವರನ್ನು ತಬ್ಬಿಬ್ಬುಗೊಳಿಸುವುದು ಮುಂದಿನ ಸಂಗತಿ. 'ಸೊನ್ ಲಾಸ್ ಓಚೊ' ಎಂದರೆ ಈಗ ಎಂಟು ಗಂಟೆ. 'ಸೆರಾನ್ ಲಾಸ್ ಓಚೊ' ಎಂಬುದರಲ್ಲಿ ಕ್ರಿಯಾಪದ ಭವಿಷ್ಯತ್ಕಾಲದ್ದು. ಹಾಗೆಂದು 'ಎಂಟು ಗಂಟೆಯಾಗುವುದು' ಎಂದು ಅನುವಾದಿಸಿದರೆ ತಪ್ಪು. ಗಡಿಯಾರ ನೋಡದೆ ಹೇಳುವ 'ಎಂಟಾಗಿರಬಹುದು' ಎಂಬುದೇ ಅದರ ಅರ್ಥ. ಬಾಗಿಲು ಬಡಿದ ಸದ್ದಾದಾಗ 'ಕಿಎನ್ ಸೆರಾ?' ಎನ್ನುತ್ತಾರೆ. ಅದು ನಮ್ಮ 'ಯಾರಿರಬಹುದು?'

ಕಾಲ ಹಿಂದೆ ಸರಿದರೆ ರೂಪವೂ ಬದಲಾಗುತ್ತದೆ. 'ಅಬ್ರಾ ಸಲಿದೊ' ಎಂದರೆ ಹೊರಗೆ ಹೋಗಿರಬೇಕು. 'ಸೆರಿಯಾನ್ ಲಾಸ್ ಓಚೊ' ಎಂದರೆ ಆಗ ಎಂಟು ಗಂಟೆ ಇದ್ದಿರಬಹುದು. 'ತೆಂದ್ರಿಯಾ ಬೇಯಿಂತೆ ಆನ್ಯೊಸ್' ಎಂದರೆ ಆಕೆಗೆ ಆಗ ಇಪ್ಪತ್ತು ವರ್ಷ ಇದ್ದೀತು.

ವರ್ತಮಾನದ ಊಹೆಗೆ ಭವಿಷ್ಯತ್ಕಾಲವೇಕೆ? ಭವಿಷ್ಯ ಎಂಬುದೇ ಕಣ್ಣಿಗೆ ಕಾಣದ್ದು. ಕಾಣದ ವರ್ತಮಾನಕ್ಕೂ ಅದೇ ರೂಪ ಒಗ್ಗುತ್ತದೆ. ಇಂಗ್ಲಿಷಿನಲ್ಲೂ ಇದುಂಟು. ಕರೆಗಂಟೆ ಬಾರಿಸಿದೊಡನೆ 'ದಟ್ ವಿಲ್ ಬಿ ದಿ ಪೋಸ್ಟ್‌ಮನ್' ಎಂದರೆ ಅಂಚೆಯವನೇ ಬಂದಿರಬೇಕು ಎಂದರ್ಥ. ನಾವೂ 'ಅವರು ಈಗ ಆಫೀಸಿನಲ್ಲಿರುತ್ತಾರೆ' ಎನ್ನುವುದಿಲ್ಲವೇ? ನೋಡಿ ಹೇಳಿದ್ದಲ್ಲ, ಅವರ ದಿನಚರಿ ಬಲ್ಲೆವು, ಅಷ್ಟೇ.

ಇಲ್ಲಿ ಕನ್ನಡಿಗ ಮಕ್ಕಳಿಗೆ ಒಂದು ಅನುಕೂಲವಿದೆ. ಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥಕ, ನಿಷೇಧಾರ್ಥಕಗಳ ಜೊತೆಗೆ ಸಂಭಾವನಾರ್ಥಕ ಕ್ರಿಯಾಪದವೆಂದು ಓದಿದ್ದೀರಿ. ಬಂದಾನು, ಬಂದಾಳು, ಬಂದೀತು. ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆತ ಆ ರೂಪಗಳಲ್ಲಿ ಊಹೆ ಕ್ರಿಯಾಪದದ ಬಾಲದಲ್ಲೇ ಕುಳಿತಿದೆ. ಸ್ಪ್ಯಾನಿಷ್‌ನ 'ಸೆರಾ'ದಲ್ಲೂ ಅದೇ ಏರ್ಪಾಡು. ಇಂಗ್ಲಿಷ್ ಮಾತ್ರ ಮಸ್ಟ್, ಮೇ, ಮೈಟ್, ವಿಲ್ ಎಂಬ ಬೇರೆ ಪದವನ್ನು ಕ್ರಿಯಾಪದದ ಮುಂದೆ ನಿಲ್ಲಿಸುತ್ತದೆ. ಆದ್ದರಿಂದ ಸ್ಪ್ಯಾನಿಷ್‌ನ ಊಹೆಯನ್ನು ಇಂಗ್ಲಿಷಿನ ಮೂಲಕ ಕಲಿಯುವುದಕ್ಕಿಂತ ಕನ್ನಡದ ಮೂಲಕ ಕಲಿಯುವುದು ಹಲವು ಕಡೆ ಸುಲಭ.

ಒಂದಿಪ್ಪತ್ತು ಜನ

ಸಂಖ್ಯೆಯ ಅಂದಾಜಿನಲ್ಲಂತೂ ಮೂರು ಭಾಷೆಗಳು ನೆಂಟರಂತೆ ನಡೆದುಕೊಳ್ಳುತ್ತವೆ. 'ಇಪ್ಪತ್ತು ಜನ ಬಂದಿದ್ದರು' ಎಂದರೆ ಎಣಿಸಿದ ಲೆಕ್ಕ. 'ಒಂದಿಪ್ಪತ್ತು ಜನ' ಎಂದರೆ ಅಂದಾಜು. ಈ 'ಒಂದು' ಇಲ್ಲಿ ಎಣಿಕೆಗೆ ಬಂದದ್ದಲ್ಲ, ಅಂಚನ್ನು ಸಡಿಲಿಸಲು ಬಂದದ್ದು. ಸ್ಪ್ಯಾನಿಷ್‌ನಲ್ಲೂ 'ಒಂದು' ಎಂಬರ್ಥದ ಪದದ ಬಹುವಚನವೇ ಈ ಕೆಲಸ ಮಾಡುತ್ತದೆ: 'ಉನೊಸ್ ಬೇಯಿಂತೆ ಅಲುಮ್ನೊಸ್', ಅಂದರೆ ಒಂದಿಪ್ಪತ್ತು ವಿದ್ಯಾರ್ಥಿಗಳು. ಇಂಗ್ಲಿಷಿನಲ್ಲಿ 'ಸಮ್ ಟ್ವೆಂಟಿ ಸ್ಟೂಡೆಂಟ್ಸ್' ಎನ್ನಬಹುದು.

'ಮೂವತ್ತು ಚಿಲ್ಲರೆ' ಎಂಬ ನಮ್ಮ ಮಾತಿಗೆ ಸ್ಪ್ಯಾನಿಷ್‌ನಲ್ಲಿ 'ತ್ರೆಯಿಂತಾ ಇ ಪಿಕೊ'. ಪಿಕೊ ಎಂದರೆ ಕೊಕ್ಕು, ತುದಿ. ಮೂವತ್ತರಾಚೆ ಚಾಚಿಕೊಂಡ ತುದಿ. ಇಂಗ್ಲಿಷಿನಲ್ಲಿ 'ಥರ್ಟಿ-ಆಡ್'. ನಡುವಿನ ಅಡ್ಡಗೆರೆ ಬಿಟ್ಟರೆ 'ಮೂವತ್ತು ಮಂದಿ ವಿಚಿತ್ರ ವಿದ್ಯಾರ್ಥಿಗಳು' ಎಂದು ಓದುವಂತಾದೀತು! 'ಐದರ ಸುಮಾರಿಗೆ ಬರುತ್ತೇನೆ' ಎನ್ನಲು ಇಂಗ್ಲಿಷಿನಲ್ಲಿ 'ಅರೌಂಡ್ ಫೈವ್', ಸ್ಪ್ಯಾನಿಷ್‌ನಲ್ಲಿ 'ಆ ಎಸೊ ದೆ ಲಾಸ್ ಸಿಂಕೊ'.

ಅಂದಾಜಿನ ಪದದ ಮುಂದೆ ಅಂದಾಜಿನ ಸಂಖ್ಯೆಯೇ ಇರಬೇಕು. 'ಸುಮಾರು 23.47 ಕಿಲೊ' ಎಂದು ಬರೆದರೆ ಸುಮಾರಿಗೂ ಬೆಲೆಯಿಲ್ಲ, ದಶಮಾಂಶಕ್ಕೂ ಬೆಲೆಯಿಲ್ಲ. 'ಅಪ್ರಾಕ್ಸಿಮೇಟ್ಲಿ ಅಬೌಟ್' ಎಂದು ಎರಡನ್ನೂ ಪೋಣಿಸುವುದೂ ಬೇಡ. ವಿದೇಶದಲ್ಲಿ ಓದಬಯಸುವವರು ಬರೆಯುವ ಐ.ಇ.ಎಲ್.ಟಿ.ಎಸ್. ಅಕಾಡೆಮಿಕ್ ಪರೀಕ್ಷೆಯಲ್ಲಿ ನಕ್ಷೆಯನ್ನೋ ಕೋಷ್ಟಕವನ್ನೋ ಕನಿಷ್ಠ 150 ಪದಗಳಲ್ಲಿ ವಿವರಿಸುವ ಪ್ರಶ್ನೆ ಬರುತ್ತದೆ. 'ಜಸ್ಟ್ ಓವರ್', 'ನಿಯರ್ಲಿ', 'ರಫ್ಲಿ' ಮುಂತಾದ ಪದಗಳನ್ನು ಹದವರಿತು ಬಳಸುವವರಿಗೆ ಅಲ್ಲಿ ಅನುಕೂಲ.

ಅನುಮಾನದ ಮೆಟ್ಟಿಲುಗಳು

ಇಂಗ್ಲಿಷಿನಲ್ಲಿ ಊಹೆಗೆ ಮೆಟ್ಟಿಲುಗಳಿವೆ. ಮೇಲೆ 'ಮಸ್ಟ್', ಅದರ ಕೆಳಗೆ 'ಶುಡ್', ಇನ್ನೂ ಕೆಳಗೆ 'ಮೇ', 'ಮೈಟ್', 'ಕುಡ್'. ನಮ್ಮ ಮಕ್ಕಳು ಎಲ್ಲಕ್ಕೂ 'ಮೇಬಿ' ಒಂದನ್ನೇ ಹಿಡಿದುಕೊಳ್ಳುತ್ತಾರೆ. ಅದನ್ನು ಒಂದೇ ಪದವಾಗಿ ಬರೆದರೆ ಬಹುಶಃ ಎಂದರ್ಥ, ವಾಕ್ಯದ ಆರಂಭಕ್ಕೆ ಒಪ್ಪುತ್ತದೆ. ಬಿಡಿಸಿ 'ಮೇ ಬಿ' ಎಂದು ಬರೆದರೆ ಅದು ಕ್ರಿಯಾಪದ: 'ಶಿ ಮೇ ಬಿ ಇಲ್', ಆಕೆಗೆ ಕಾಯಿಲೆಯಿರಬಹುದು. ಇನ್ನೊಂದು ಸಾಮಾನ್ಯ ತಪ್ಪು 'ಇಟ್ ಕ್ಯಾನ್ ರೇನ್ ಟುಡೇ'. ನಮ್ಮ 'ಬಹುದು' ಅನುಮತಿಗೂ ಸಾಧ್ಯತೆಗೂ ಸಲ್ಲುವುದರಿಂದ ಈ ಎಡವಟ್ಟು. ಇಂದು ಮಳೆ ಬರಬಹುದು ಎನ್ನಲು 'ಮೇ', 'ಮೈಟ್' ಅಥವಾ 'ಕುಡ್' ಸರಿ.

ಸ್ಪ್ಯಾನಿಷ್‌ನಲ್ಲಿ ಅನುಮಾನ ಹೆಚ್ಚಾದಂತೆ ಕ್ರಿಯಾಪದವೇ ರೂಪ ಬದಲಿಸುತ್ತದೆ. 'ಕ್ರೆಯೊ ಕೆ ಬಿಯೆನೆ' ಎಂದರೆ ಬರುತ್ತಾನೆಂದು ನನ್ನ ನಂಬಿಕೆ. 'ನೊ ಕ್ರೆಯೊ ಕೆ ಬೆಂಗಾ' ಎಂದರೆ ಬರುತ್ತಾನೆಂದು ಅನ್ನಿಸುವುದಿಲ್ಲ, ಬರಲಿಕ್ಕಿಲ್ಲ. 'ಬಿಯೆನೆ' ಹೋಗಿ 'ಬೆಂಗಾ' ಬಂತು. ಬಹುಶಃ ಎಂಬರ್ಥದ 'ಕಿಸಾ', 'ತಾಲ್ ಬೆಸ್' ಪದಗಳ ಜೊತೆ ಎರಡು ರೂಪವೂ ನಡೆಯುತ್ತದೆ. 'ಬೆಂಗಾ' ಎಂದರೆ ಅನುಮಾನ ತುಸು ಜಾಸ್ತಿ. ಆಡುಮಾತಿನ 'ಆ ಲೊ ಮೆಹೊರ್' ಜೊತೆ ಮಾತ್ರ 'ಬಿಯೆನೆ'ಯೇ ಬರಬೇಕು.

ಊಹೆಗೂ ಕೇಳಿದ ಸುದ್ದಿಗೂ ವ್ಯತ್ಯಾಸವುಂಟು. 'ಮಂತ್ರಿಗಳು ರಾಜೀನಾಮೆ ಕೊಟ್ಟರಂತೆ' ಎನ್ನುವಾಗ ನಾವು ಊಹಿಸುತ್ತಿಲ್ಲ, ಹೊಣೆಯನ್ನು ಹೇಳಿದವರ ಮೇಲೆ ಬಿಡುತ್ತೇವೆ. ನಮ್ಮ 'ಅಂತೆ'ಗೆ ಇಂಗ್ಲಿಷಿನಲ್ಲಿ 'ರಿಪೋರ್ಟೆಡ್ಲಿ' ಎಂಬ ಪದ ಬೇಕು. ಸ್ಪ್ಯಾನಿಷ್ ಪತ್ರಿಕೆಗಳು, ಅದರಲ್ಲೂ ಲ್ಯಾಟಿನ್ ಅಮೆರಿಕದವು, 'ಅಬ್ರಿಯಾ' ಎಂಬ ರೂಪ ಬಳಸುವುದುಂಟು. ಅದನ್ನು ನಡೆದೇಹೋದ ಸಂಗತಿ ಎಂದು ಓದಿದರೆ ಗಾಳಿಸುದ್ದಿಯೇ ಇತಿಹಾಸವಾದೀತು.

ಮನೆಯಲ್ಲೇ ಅಭ್ಯಾಸ

ಊಹೆಯ ಪದಕ್ಕೆ ಬೆಲೆ ಕಟ್ಟಬೇಕೆಂಬ ಕೆಂಟ್ ಅವರ ವಾದ ವ್ಯರ್ಥವಾಗಲಿಲ್ಲ. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ ಐ.ಪಿ.ಸಿ.ಸಿ. ತನ್ನ ವರದಿಗಳಲ್ಲಿ 'ಲೈಕ್ಲಿ' ಎಂದರೆ ನೂರಕ್ಕೆ 66 ಅಥವಾ ಹೆಚ್ಚು, 'ವೆರಿ ಲೈಕ್ಲಿ' ಎಂದರೆ 90 ಅಥವಾ ಹೆಚ್ಚು ಎಂದು ನಿಗದಿ ಮಾಡಿಕೊಂಡಿದೆ. ವಿಜ್ಞಾನಿಗೆ ತನಗೆಷ್ಟು ಗೊತ್ತು ಎಂದು ಹೇಳುವುದೂ ವಿಜ್ಞಾನದ ಭಾಗವೇ.

ಈ ಶಿಸ್ತನ್ನು ಮನೆಯಲ್ಲೇ ಆರಂಭಿಸಬಹುದು, ಖರ್ಚಿಲ್ಲ. ಗಡಿಯಾರ ನೋಡದೆ ಗಂಟೆ ಎಷ್ಟಿರಬಹುದೆಂದು ಮಕ್ಕಳನ್ನು ಕೇಳಿ. ಸೇರು ಅಕ್ಕಿ ಎಷ್ಟು ದಿನ ಬಂದೀತು, ಮದುವೆ ಮನೆಯಲ್ಲಿ ಎಷ್ಟು ಜನ ಇದ್ದಾರು ಎಂದು ಕೇಳಿ. ಉತ್ತರ ಮೊದಲು ಕನ್ನಡದಲ್ಲಿ, ಆಮೇಲೆ ಕಲಿಯುತ್ತಿರುವ ಭಾಷೆಯಲ್ಲಿ ಬರಲಿ. ಜೊತೆಗೆ 'ಹೇಗೆ ಹೇಳಿದೆ?' ಎಂಬ ಪ್ರಶ್ನೆಯೂ ಇರಲಿ. ಆಧಾರ ಕೊಟ್ಟರೆ 'ಮಸ್ಟ್'. ಬರೀ ಅನ್ನಿಸಿಕೆಯಾದರೆ 'ಮೈಟ್'.

ಹೆತ್ತವರಿಗೆ ಇನ್ನೊಂದು ಮಾತು. 'ಗೊತ್ತಿದ್ದರೆ ಹೇಳು, ಇಲ್ಲದಿದ್ದರೆ ಬಾಯಿ ಮುಚ್ಚು' ಎಂದು ಗದರುವ ಮನೆಗಳಲ್ಲಿ ಮಕ್ಕಳು ಎರಡೇ ಪಾಠ ಕಲಿಯುತ್ತಾರೆ: ಒಂದೋ ಮೌನ, ಇಲ್ಲವೇ ಬಡಾಯಿ. ಗೊತ್ತಿರುವುದಕ್ಕೂ ಗೊತ್ತಿಲ್ಲದ್ದಕ್ಕೂ ನಡುವೆ ದೊಡ್ಡ ಬಯಲಿದೆ. ಅಲ್ಲಿ ನಿಂತು 'ಇಷ್ಟು ಕಂಡಿದ್ದೇನೆ, ಆದ್ದರಿಂದ ಹೀಗಿರಬೇಕು' ಎಂದು ಹೇಳಬಲ್ಲ ಹುಡುಗ ಯಾವ ಭಾಷೆಯಲ್ಲಿ ಹೇಳಿದರೂ ಅವನ ಮಾತಿಗೆ ತೂಕವಿರುತ್ತದೆ. ಮುಂದೊಂದು ದಿನ ಅವನು 'ಖಂಡಿತ' ಎಂದಾಗ ಎದುರಿಗಿದ್ದವರು ನಂಬುತ್ತಾರೆ.