ಕೋಟ್ಲಾದಿಂದ ಚಿನ್ನಸ್ವಾಮಿವರೆಗೆ: ಭಾರತ–ಪಾಕ್ ಆಟದಲ್ಲಿ ನಾವು ಮರೆತ ಪುಟಗಳು

ಭಾರತ–ಪಾಕಿಸ್ತಾನ ಮ್ಯಾಚ್ ಇದೆ ಅಂದರೆ ಸಾಕು, ಮದ್ರಸದ ಮಕ್ಕಳಿಗೆ ಆ ದಿನ ಪಾಠ ತಲೆಗೆ ಹತ್ತುವುದಿಲ್ಲ. ಅಂಥದೇ ಒಂದು ದಿನ ಹುಡುಗನೊಬ್ಬ ನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಉಸ್ತಾದ್, ನೀನು ಯಾರ ಕಡೆ ಅಂತ ಎಲ್ಲರೂ ನನ್ನ ಹತ್ರ ಮಾತ್ರ ಯಾಕೆ ಕೇಳ್ತಾರೆ?"

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿದಾಗ ಅನಿಸಿತು, ಈ ಆಟದ ಚರಿತ್ರೆ ಗೊತ್ತಿದ್ದರೆ ಆ ಮಗು ತಲೆ ತಗ್ಗಿಸಿ ನಿಲ್ಲಬೇಕಾಗಿರಲಿಲ್ಲ. ಚರಿತ್ರೆ ಹೇಳಿಕೊಡದೇ ಇದ್ದದ್ದು ದೊಡ್ಡವರಾದ ನಮ್ಮದೇ ತಪ್ಪು.

ಕೊನೆಯ ವಿಕೆಟಿನ ಜೊತೆಯಾಟ

ಎರಡು ದೇಶಗಳ ಮೊದಲ ಟೆಸ್ಟ್ ನಡೆದದ್ದು 1952ರ ಅಕ್ಟೋಬರಿನಲ್ಲಿ, ದೆಹಲಿಯ ಫಿರೋಝ್ ಶಾ ಕೋಟ್ಲಾ ಮೈದಾನದಲ್ಲಿ. ದೇಶ ಹೋಳಾಗಿ ಐದೇ ವರ್ಷ ಆಗಿತ್ತು. ಭಾರತದ ನಾಯಕ ಲಾಲಾ ಅಮರನಾಥ್ ಬೆಳೆದದ್ದು ಲಾಹೋರಿನಲ್ಲಿ. ಪಾಕಿಸ್ತಾನದ ನಾಯಕ ಅಬ್ದುಲ್ ಹಫೀಝ್ ಕಾರ್ದಾರ್ 1946ರಲ್ಲಿ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ ಟೆಸ್ಟ್ ಆಡಿದವರು. ಅವರ ತಂಡದ ಅಮೀರ್ ಇಲಾಹಿಯೂ 1947ರಲ್ಲಿ ಭಾರತಕ್ಕೆ ಆಡಿದವರೇ. ಮನೆ ಪಾಲಾದ ಮೇಲೆ ಅಣ್ಣ ತಮ್ಮ ಒಂದೇ ಅಂಗಳದಲ್ಲಿ ಎದುರು ಬದುರು ನಿಂತ ಹಾಗೆ ಇತ್ತು.

ಆ ಪಂದ್ಯದಲ್ಲಿ ವಿನೂ ಮಂಕಡ್ 13 ವಿಕೆಟ್ ಕಿತ್ತರು. ಭಾರತ ಇನ್ನಿಂಗ್ಸ್ ಮತ್ತು 70 ರನ್ನಿನಿಂದ ಗೆದ್ದಿತು. ಇದು ಹಲವರಿಗೆ ಗೊತ್ತು. ಆದರೆ ಭಾರತ 9 ವಿಕೆಟ್ ಕಳಕೊಂಡು 263ರಲ್ಲಿ ನಿಂತಿದ್ದಾಗ ಹೇಮು ಅಧಿಕಾರಿಯ ಜೊತೆ ಕ್ರೀಸಿಗೆ ಬಂದವರು ಯಾರು? ಹೈದರಾಬಾದಿನ ಸ್ಪಿನ್ನರ್ ಗುಲಾಂ ಅಹ್ಮದ್. ಇಬ್ಬರೂ ಸೇರಿ ಕೊನೆಯ ವಿಕೆಟಿಗೆ 109 ರನ್ ಕೂಡಿಸಿದರು. ಅದರಲ್ಲಿ ಗುಲಾಂ ಅಹ್ಮದ್ ಅವರದ್ದು 50. ಮುಂದೆ ಅವರು ಭಾರತದ ನಾಯಕರೂ ಆದರು.

ಮುಂದಿನ ಟೆಸ್ಟ್ ಲಖನೌದಲ್ಲಿ. ಅಲ್ಲಿ ಮ್ಯಾಟಿಂಗ್ ಪಿಚ್ ಮೇಲೆ ಫಝಲ್ ಮಹಮೂದ್ 12 ವಿಕೆಟ್ ತೆಗೆದು ಪಾಕಿಸ್ತಾನವನ್ನು ಗೆಲ್ಲಿಸಿದರು. ಸರಣಿ ಮಾತ್ರ 2–1ರಿಂದ ಭಾರತದ ಪಾಲಾಯಿತು.

ಸೋಲಿನ ಭಯ, ಯುದ್ಧದ ಮೌನ

ಆಮೇಲೆ ಆದದ್ದು ವಿಚಿತ್ರ. 1954–55ರಲ್ಲಿ ಪಾಕಿಸ್ತಾನದಲ್ಲಿ ಐದು ಟೆಸ್ಟ್, ಐದೂ ಡ್ರಾ. 1960–61ರಲ್ಲಿ ಭಾರತದಲ್ಲಿ ಐದು, ಅವೂ ಡ್ರಾ. ಗೆಲ್ಲುವ ಆಸೆಗಿಂತ ಸೋಲುವ ಹೆದರಿಕೆಯೇ ಜಾಸ್ತಿ ಇತ್ತು. 1965 ಮತ್ತು 1971ರ ಯುದ್ಧಗಳಿಂದಾಗಿ 17 ವರ್ಷ ಆಟವೇ ಇಲ್ಲ. 1978ರಲ್ಲಿ ಬಿಷನ್ ಸಿಂಗ್ ಬೇಡಿಯ ತಂಡ ಪಾಕಿಸ್ತಾನಕ್ಕೆ ಹೋಯಿತು. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಜೊತೆ ವಿಕೆಟ್ ಹಿಂದೆ ನಿಂತವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ.

1986ರ ಏಪ್ರಿಲ್‌ನಲ್ಲಿ ಶಾರ್ಜಾದ ಫೈನಲಿನಲ್ಲಿ ಚೇತನ್ ಶರ್ಮಾರ ಕೊನೆಯ ಎಸೆತಕ್ಕೆ ಜಾವೇದ್ ಮಿಯಾಂದಾದ್ ಸಿಕ್ಸರ್ ಬಾರಿಸಿದರು. ಆ ಒಂದು ಸಿಕ್ಸರ್ ಭಾರತದ ಅಭಿಮಾನಿಗಳನ್ನು ಎಷ್ಟೋ ವರ್ಷ ಕಾಡಿತು. ಹೊಟ್ಟೆಪಾಡಿಗಾಗಿ ಗಲ್ಫಿಗೆ ಹೋದ ನಮ್ಮವರಿಗೆ ಶಾರ್ಜಾ ಅಂದರೆ ಟಿವಿಯಲ್ಲಿ ಕಾಣುವ ಊರಲ್ಲ, ದುಡಿಯುವ ಊರು. ಅಲ್ಲಿ ಪಕ್ಕದ ರೂಮಿನ ಪಾಕಿಸ್ತಾನಿಯ ಜೊತೆ ಸಂಜೆ ವಾದ ಮಾಡಿ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋದವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಬೆಂಗಳೂರು ಕಂಡ ಮೂರು ಪಂದ್ಯ

ಬೆಂಗಳೂರಿನ ಚಿನ್ನಸ್ವಾಮಿ ಮೈದಾನಕ್ಕೂ ಈ ಚರಿತ್ರೆಯಲ್ಲಿ ದೊಡ್ಡ ಜಾಗ ಇದೆ. 1987ರಲ್ಲಿ ಸುನಿಲ್ ಗಾವಸ್ಕರ್ ತನ್ನ ಕೊನೆಯ ಟೆಸ್ಟಿನಲ್ಲಿ, ಚೆಂಡು ಬುಗುರಿಯಂತೆ ತಿರುಗುವ ಪಿಚ್ಚಿನಲ್ಲಿ 96 ರನ್ ಹೊಡೆದರೂ ಪಾಕಿಸ್ತಾನ 16 ರನ್ನಿನಿಂದ ಗೆದ್ದಿತು. 1996ರ ವಿಶ್ವಕಪ್ ಕ್ವಾರ್ಟರ್ ಫೈನಲಿನಲ್ಲಿ ಬೌಂಡರಿ ಬಾರಿಸಿ ಬ್ಯಾಟ್ ತೋರಿಸಿ ಕೆಣಕಿದ ಆಮಿರ್ ಸೊಹೈಲ್‌ರನ್ನು ವೆಂಕಟೇಶ್ ಪ್ರಸಾದ್ ಮರು ಎಸೆತದಲ್ಲೇ ಬೌಲ್ಡ್ ಮಾಡಿದ್ದು ಎಲ್ಲರಿಗೂ ನೆನಪಿದೆ. ಆ ದಿನ ಭಾರತದ ನಾಯಕ ಮುಹಮ್ಮದ್ ಅಝರುದ್ದೀನ್. 1992, 1996, 1999 – ಮೂರು ವಿಶ್ವಕಪ್‌ಗಳಲ್ಲಿ ಪಾಕಿಸ್ತಾನವನ್ನು ಸೋಲಿಸಿದ ತಂಡಗಳಿಗೆ ಅವರೇ ನಾಯಕರು.

2007ರ ಡಿಸೆಂಬರಿನಲ್ಲಿ ಎರಡು ದೇಶಗಳ ಕೊನೆಯ ಟೆಸ್ಟ್ ನಡೆದದ್ದೂ ಇಲ್ಲೇ. ಗಂಗೂಲಿ 239 ಹೊಡೆದ ಆ ಪಂದ್ಯದಲ್ಲಿ 102 ರನ್ ಗಳಿಸಿದವರು ಇರ್ಫಾನ್ ಪಠಾಣ್, ವಡೋದರದ ಮಸೀದಿಯೊಂದರ ಮುಅಝ್ಝಿನ್ ಅವರ ಮಗ. ಮೊದಲ ಟೆಸ್ಟಿನಲ್ಲಿ ಗುಲಾಂ ಅಹ್ಮದ್, ಕೊನೆಯದರಲ್ಲಿ ಇರ್ಫಾನ್. ಒಟ್ಟು 59 ಟೆಸ್ಟ್‌ಗಳಲ್ಲಿ ಪಾಕಿಸ್ತಾನ 12, ಭಾರತ 9 ಗೆದ್ದಿವೆ, 38 ಡ್ರಾ. ಆಮೇಲೆ ಟೆಸ್ಟ್ ನಡೆದೇ ಇಲ್ಲ.

ಚೆನ್ನೈಯ ಚಪ್ಪಾಳೆ

1999ರ ಜನವರಿಯಲ್ಲಿ ಚೆನ್ನೈಯಲ್ಲಿ ಸಚಿನ್ ಬೆನ್ನು ನೋವಿನಲ್ಲೂ 136 ಹೊಡೆದರು. ಆದರೂ ಭಾರತ 12 ರನ್ನಿನಿಂದ ಸೋತಿತು. ಒಂದು ಕ್ಷಣ ಮೈದಾನದಲ್ಲಿ ಸದ್ದಿಲ್ಲ. ಆಮೇಲೆ ಜನ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ಪಾಕ್ ಆಟಗಾರರು ಮೈದಾನಕ್ಕೆ ಸುತ್ತು ಬಂದು ಆ ಪ್ರೀತಿಯನ್ನು ಸ್ವೀಕರಿಸಿದರು.

2021ರಲ್ಲಿ ದುಬೈಯಲ್ಲಿ ಭಾರತ 10 ವಿಕೆಟಿನಿಂದ ಸೋತಾಗ ಆದದ್ದೇ ಬೇರೆ. ಇಡೀ ತಂಡ ಸೋತಿದ್ದರೂ ಮುಹಮ್ಮದ್ ಶಮಿಯನ್ನು ಧರ್ಮ ಹಿಡಿದು ಬೈದರು. ಆಗ ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿಯ ಪರ ನಿಂತು, ಧರ್ಮದ ಹೆಸರಿನಲ್ಲಿ ಒಬ್ಬನ ಮೇಲೆ ಬೀಳುವುದು ಹೀನ ಕೆಲಸ ಅಂತ ಖಂಡಿಸಿದರು. ಇದನ್ನೂ ಮಕ್ಕಳಿಗೆ ಹೇಳಬೇಕು. ಬೈದವರನ್ನು ಮಾತ್ರ ನೆನಪಿಟ್ಟು, ಜೊತೆಗೆ ನಿಂತವರನ್ನು ಮರೆತರೆ ಅದು ನ್ಯಾಯವಲ್ಲ. 2025ರ ಏಷ್ಯಾ ಕಪ್ಪಿನಲ್ಲಂತೂ ಎರಡೂ ತಂಡದವರು ಕೈ ಕುಲುಕದೆ ಮೈದಾನ ಬಿಟ್ಟರು.

ಸೋತ ಒಂಟೆಯ ಪಾಠ

ರಸೂಲರ (ಸ) ಒಂಟೆ ಅಳ್ಬಾ ಓಟದಲ್ಲಿ ಯಾವತ್ತೂ ಸೋತದ್ದಿಲ್ಲ. ಒಮ್ಮೆ ಹಳ್ಳಿಯಿಂದ ಬಂದ ಅರಬಿಯೊಬ್ಬನ ಒಂಟೆ ಅದನ್ನು ಹಿಂದೆ ಹಾಕಿತು. ಸಹಾಬಿಗಳಿಗೆ ಸಂಕಟವಾಯಿತು. ಲೋಕದಲ್ಲಿ ಮೇಲೇರಿದ್ದನ್ನು ಕೆಳಗಿಳಿಸುವುದು ಅಲ್ಲಾಹನ ಕ್ರಮ ಅಂತ ರಸೂಲರು ಅವರನ್ನು ಸಮಾಧಾನ ಪಡಿಸಿದರು. ಗೆದ್ದವನ ಮೇಲೆ ಯಾರೂ ಕೈ ಎತ್ತಲಿಲ್ಲ.

ಹಾಗಾಗಿ ತಂದೆ ತಾಯಂದಿರಲ್ಲಿ ನಮ್ಮದು ಎರಡು ಮಾತು. ಮ್ಯಾಚ್ ದಿನ ಮಕ್ಕಳು ಮೊಬೈಲಿನಲ್ಲಿ ಯಾವ ಸ್ಟೇಟಸ್ ಹಾಕುತ್ತಾರೆ ಅಂತ ಸ್ವಲ್ಪ ನೋಡಿ; ಬೇರೆಯವರನ್ನು ಕೆಣಕುವ ಒಂದು ಸಾಲು ಊರಿನ ನೆಮ್ಮದಿ ಕೆಡಿಸಬಹುದು. ಬೆಟ್ಟಿಂಗ್ ಹತ್ತಿರ ಸುಳಿಯಲೂ ಬಿಡಬೇಡಿ, ಅದು ಹಣ ಸಣ್ಣದಿರಲಿ ದೊಡ್ಡದಿರಲಿ ಹರಾಮ್.

ಮರುದಿನ ಆ ಹುಡುಗನಿಗೆ ನಾವು ಹೇಳಿದೆವು: "ಇನ್ನು ಯಾರಾದ್ರೂ ಕೇಳಿದ್ರೆ ಸಿಟ್ಟು ಮಾಡ್ಬೇಡ ಮೋನೇ. ನಮ್ಮ ದೇಶದ ಕಡೆ ಅಂತ ಹೇಳು. ಆಮೇಲೆ ಗುಲಾಂ ಅಹ್ಮದ್ ಕಥೆ ಹೇಳು."

"ಎಷ್ಟು ರನ್ ಉಸ್ತಾದ್ ಅವ್ರದ್ದು?" ಅಂತ ಕೇಳಿದ.

"ಐವತ್ತು. ಅದೂ ಕೊನೆಯ ವಿಕೆಟಿಗೆ."

ಅವನು ಅದನ್ನು ಮದ್ರಸದ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡ. ನಾವು ಬೇಡ ಅನ್ನಲಿಲ್ಲ.